ಸೆನ್ಸೇ ಮಾಡಿದ ಅನುವಾದ

ಮೊನ್ನೆ ಪಕ್ಕದ ಫ್ಲ್ಯಾಟಿನವರು ಕೂಲರಿಗೆ ಹೊಸ ಹುಲ್ಲು ಹಾಕಿಸಿದರು. ಕೂಲರ್ ರಿಪೇರಿಯ ಭಯ್ಯಾ ನೀರು ತುಂಬಿಸಿ ಫ್ಯಾನು ತಿರುಗಿಸಿದ್ದೇ ತಡ, ಒದ್ದೆ ಹುಲ್ಲಿನ ವಾಸನೆ ನಮ್ಮ ಬಾಲ್ಕನಿಯವರೆಗೂ ಬಂತು. ದೆಹಲಿಯಲ್ಲಿ ಎಷ್ಟೋ ಜನರಿಗೆ ಅದು ಹಿತವಾದ ವಾಸನೆ. ನನಗೆ ಅದರ ಜೊತೆಗೇ ಒಬ್ಬ ಮನುಷ್ಯನ ಧ್ವನಿ ಕೇಳಿಸುತ್ತದೆ, ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಮಯೂರ್ ವಿಹಾರದ ಕಡೆಗೆ ಮೆಟ್ರೋ ಇನ್ನೂ ಬಂದಿರಲಿಲ್ಲ. ಜಪಾನಿ ಅಧ್ಯಯನದಲ್ಲಿ ಎಂ.ಎ., ಸಂಶೋಧನೆ ಮಾಡುತ್ತಿದ್ದ ನಮ್ಮಂಥವರಿಗೆಂದು ಆ ವರ್ಷ ಒಂದು ತಿಂಗಳ ಬೇಸಿಗೆ ಶಿಬಿರ ನಡೆಯಿತು. ಇಪ್ಪತ್ತು ಜನ ಇದ್ದೆವು. ನಿರ್ದೇಶಕರು ನಮ್ಮ ಕಡೆಯವರೇ, ಕನ್ನಡದವರು. ಆದರೆ ಎಲ್ಲರೂ ಅವರನ್ನು ‘ಸೆನ್ಸೇ’ ಎನ್ನಬೇಕೆಂದು ಮೊದಲ ದಿನವೇ ಅಪ್ಪಣೆಯಾಯಿತು. ಜಪಾನಿನಲ್ಲಿ ಗುರುವಿಗೆ ಬೇರೆಯವರು ಕೊಡುವ ಗೌರವ ಅದು. ತನಗೆ ತಾನೇ ತೊಡಿಸಿಕೊಳ್ಳುವುದಲ್ಲ. ಅಷ್ಟೂ ತಿಳಿಯದ ಸೆನ್ಸೇ.

ಟೋಕಿಯೋದಲ್ಲಿ ಎರಡು ವರ್ಷ ಇದ್ದು ಬಂದಿದ್ದರಂತೆ. ಅಲ್ಲಿಂದ ಒಂದು ಬೀಸಣಿಗೆ, ಸೊಂಟ ಬಗ್ಗಿಸುವ ಮೂರು ಬಗೆ ಮತ್ತು ಹತ್ತಿಪ್ಪತ್ತು ಗಾದೆ ತಂದಿದ್ದರು. ಜಪಾನಿ ಬಾರದವರ ಮುಂದೆ ಜಪಾನಿ ಮಾತಾಡುತ್ತಿದ್ದರು. ಜಪಾನಿಯರು ಎದುರಾದರೆ ಇಂಗ್ಲಿಷು. ತರಗತಿಯೊಳಗೆ ಚಪ್ಪಲಿ ತರಬಾರದು, ಅದು ಸಂಸ್ಕೃತಿ ಎಂದು ನಮ್ಮದನ್ನೆಲ್ಲ ಜೂನ್ ಬಿಸಿಲಿನಲ್ಲಿ ಬಿಡಿಸುತ್ತಿದ್ದರು. ಮಧ್ಯಾಹ್ನ ಮೆಟ್ಟಿಕೊಂಡರೆ ಅಂಗಾಲು ಚುರ್ ಎನ್ನುತ್ತಿತ್ತು. ಅವರ ಬೂಟು ಮಾತ್ರ ಒಳಗೆ, ಕೂಲರಿನ ಪಕ್ಕದಲ್ಲಿ ತಣ್ಣಗೆ ಕೂತಿರುತ್ತಿತ್ತು.

ನನ್ನ ಮೇಲೆ ಅವರಿಗೆ ಪ್ರೀತಿ. “ನೋಡಯ್ಯಾ, ನೀನು ನಮ್ಮೋನು” ಎಂದು ಹೆಗಲ ಮೇಲೆ ಕೈಯಿಡುತ್ತಿದ್ದರು. ಶಿಬಿರದಿಂದ ಒಬ್ಬರಿಗೆ ಮಾತ್ರ ಜಪಾನಿನ ವಿದ್ಯಾರ್ಥಿವೇತನಕ್ಕೆ ಶಿಫಾರಸು ಹೋಗುವುದಿತ್ತು. ಆ ಕೈಯನ್ನು ನಾನು ಸರಿಸಲಿಲ್ಲ...

ಅವರಿಗೆ ಆಗದಿದ್ದವಳು ಒಬ್ಬಳು. ದೆಹಲಿಯ ಹೊರಗೆ ಮಾನೇಸರ್‌ನ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಭಾಷಿಯಾಗಿದ್ದಳು, ಜೊತೆಗೆ ಎಂ.ಎ. ಓದುತ್ತಿದ್ದಳು. ಕಾಡಿ ಬೇಡಿ ಒಂದು ತಿಂಗಳ ರಜೆ ಪಡೆದು ಬಂದಿದ್ದಳು. ದಿನವಿಡೀ ಜಪಾನಿ ಎಂಜಿನಿಯರುಗಳ ಬೈಗುಳವನ್ನು ಹಿಂದಿಗೆ, ಕೆಲಸಗಾರರ ಸಿಟ್ಟನ್ನು ಜಪಾನಿಗೆ ತಿರುಗಿಸಿ ಪಳಗಿದ ನಾಲಿಗೆ. ನಮ್ಮಲ್ಲಿ ನಿಜವಾಗಿ ಆ ಭಾಷೆ ಬರುತ್ತಿದ್ದುದು ಅವಳಿಗೊಬ್ಬಳಿಗೇ. ಅವಳು ಬಾಯಿ ತೆರೆದಾಗಲೆಲ್ಲ ಸೆನ್ಸೇ ಬೀಸಣಿಗೆ ಮಡಚಿ, “ಯೇ ಫ್ಯಾಕ್ಟರಿ ನಹೀಂ ಹೈ. ಇಲ್ಲಿ ಓದೋದು ಸಾಹಿತ್ಯ, ನಟ್ಟು ಬೋಲ್ಟಲ್ಲ” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಾನು ಸ್ವಲ್ಪ ಜೋರಾಗಿಯೇ.

ಕೊನೆಯ ದಿನ ಜಪಾನಿನಿಂದ ಒಬ್ಬ ವೃದ್ಧೆ ಅತಿಥಿಯಾಗಿ ಬಂದರು. ನಿವೃತ್ತ ಅಧ್ಯಾಪಕಿ, ಎಪ್ಪತ್ತೈದರ ಮೇಲಾಗಿರಬೇಕು. ಆ ಮಧ್ಯಾಹ್ನವೇ ವಿಮಾನ ಹಿಡಿಯಬೇಕಿತ್ತು. ಅವರ ಭಾಷಣವನ್ನು ದುಭಾಷಿಯೇ ಅನುವಾದಿಸಲಿ ಎಂದು ಯಾರೋ ಹೇಳಿದರು. ಸೆನ್ಸೇ ಒಪ್ಪಲಿಲ್ಲ, ಮೈಕು ತಾವೇ ಹಿಡಿದರು.

ಆಕೆ ಮೊದಲು ಬರೆದುಕೊಂಡು ಬಂದದ್ದನ್ನು ಓದಿದರು. ಅದರ ಇಂಗ್ಲಿಷ್ ಪ್ರತಿ ಸೆನ್ಸೇ ಕೈಯಲ್ಲೇ ಇತ್ತು, ಹಾಗಾಗಿ ಅದು ಸುಸೂತ್ರವಾಗಿ ನಡೆಯಿತು. ಆಮೇಲೆ ಆಕೆ ಕಾಗದ ಮಡಚಿಟ್ಟು, ಕನ್ನಡಕ ತೆಗೆದು, ಸುಮ್ಮನೆ ಮಾತಾಡತೊಡಗಿದರು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೈನಿಕನಾಗಿ ಬಂದಿದ್ದ ಅವರ ಅಣ್ಣ ಮಣಿಪುರದ ಬೆಟ್ಟಗಳಲ್ಲಿ ಸತ್ತಿದ್ದ. ಮನೆಗೆ ಮೂಳೆಯೂ ಬರಲಿಲ್ಲ, ಅದರ ಬದಲು ಒಂದು ಪೆಟ್ಟಿಗೆಯಲ್ಲಿ ಕಲ್ಲು ಬಂತು. ಬದುಕಿ ಬಂದ ಗೆಳೆಯನೊಬ್ಬ ಒಂದೇ ಒಂದು ಸಂಗತಿ ಹೇಳಿದ್ದ: ಹೊಟ್ಟೆ ಕೆಟ್ಟು ನರಳುತ್ತಿದ್ದ ಅಣ್ಣನಿಗೆ ಬೆಟ್ಟದ ಹೆಂಗಸೊಬ್ಬಳು ಒಂದು ಹಿಡಿ ಒಣಗಿದ ಸಣ್ಣ ಹುಳಿ ಹಣ್ಣು ಕೊಟ್ಟಳಂತೆ. ಎರಡು ದಿನ ನೋವು ತಗ್ಗಿತ್ತಂತೆ. ಆ ಹಣ್ಣಿನ ಹೆಸರೇನು? ಇಲ್ಲಿ ಯಾರಿಗಾದರೂ ಗೊತ್ತೇ?

ಇಷ್ಟನ್ನೂ ನಾನು ಅಲ್ಲಿ ಕೂತು ಪೂರ್ತಿ ಹಿಡಿದೆ ಎನ್ನಲಾರೆ. ಅಣ್ಣ, ಹೊಟ್ಟೆನೋವು, ಹಣ್ಣು, ಹೆಸರು ಗೊತ್ತೇ... ಇಷ್ಟು ಸ್ಪಷ್ಟವಾಗಿ ಕೇಳಿತು. ಆಕೆ ಕೇಳಿದ್ದು ಪ್ರಶ್ನೆ ಎಂಬುದಂತೂ ಗೊತ್ತಾಯಿತು.

ಸೆನ್ಸೇಗೆ ಸಿಕ್ಕಿದ್ದು ‘ಹಣ್ಣು’ ಒಂದೇ. ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಘೋಷಿಸಿದರು: “ಭಾರತದ ಹಣ್ಣುಗಳ ರುಚಿ ಅವರ ಕುಟುಂಬ ಎಂದೂ ಮರೆಯದಂತೆ. ವಿಶೇಷವಾಗಿ ನಮ್ಮ ಮಾವು!” ತಾವೇ ಮೊದಲು ಚಪ್ಪಾಳೆ ತಟ್ಟಿದರು. ಇಡೀ ಸಭೆ ತಟ್ಟಿತು. ವೃದ್ಧೆ ಒಂದು ಗಳಿಗೆ ನಮ್ಮನ್ನೆಲ್ಲ ನೋಡಿದರು, ಆಮೇಲೆ ಬಗ್ಗಿ ವಂದಿಸಿದರು.

ದುಭಾಷಿ ಎದ್ದು ನಿಂತಳು. “ಸರ್, ಅವರು ಹಾಗೆ ಹೇಳಲಿಲ್ಲ. ತೀರಿಹೋದ ಅಣ್ಣನ ವಿಷಯ ಅದು. ಅವರು ಏನೋ ಕೇಳ್ತಿದ್ದಾರೆ.”

ಸೆನ್ಸೇ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, ಬೇರೆ ಯಾರಿಗೂ ತಿಳಿಯದಂತೆ ಕನ್ನಡದಲ್ಲಿ ಕೇಳಿದರು: “ಏನಯ್ಯಾ, ನೀನೇ ಹೇಳು. ಆಕೆ ಹೇಳಿದ್ದು ಹಣ್ಣಿನ ವಿಷಯ ತಾನೇ?”

“ಹೌದು ಸಾರ್. ಹಣ್ಣಿನ ವಿಷಯಾನೇ” ಎಂದೆ.

“ನೋಡಿ, ಇವನೂ ಅದನ್ನೇ ಹೇಳ್ತಿದ್ದಾನೆ” ಎಂದು ಸಭೆಗೆ ಇಂಗ್ಲಿಷಿನಲ್ಲಿ ಸಾರಿ, ಅವಳನ್ನು ಕೂರಿಸಿದರು. ಅವಳು ನನ್ನನ್ನು ನೋಡಿದಳು.

ನಮ್ಮಲ್ಲಿ ಮಣಿಪುರದ ಹುಡುಗನೊಬ್ಬನಿದ್ದ, ನಾಲ್ಕು ಕುರ್ಚಿ ಹಿಂದೆ. ಸಭೆ ಮುಗಿದದ್ದೇ ದುಭಾಷಿ ಅವನ ಬಳಿ ಓಡಿ ಎಲ್ಲವನ್ನೂ ಹೇಳಿದಳು; ನಾನೂ ಪೂರ್ತಿ ಕೇಳಿಸಿಕೊಂಡದ್ದು ಆಗಲೇ. “ಅರೇ, ಅದು ಹೈಮಾಂಗ್! ಹೊಟ್ಟೆನೋವಿಗೆ ನಮ್ಮಮ್ಮ ಕೊಡ್ತಾಳೆ. ನನ್ನ ರೂಮಲ್ಲೇ ಒಂದು ಡಬ್ಬಿ ಇದೆ” ಎಂದು ಹಾಸ್ಟೆಲಿಗೆ ಓಡಿದ. ದುಭಾಷಿ ಅತಿಥಿಯ ಕಾರಿನ ಬಳಿ ಹೋದಾಗ ಸೆನ್ಸೇ ಅಡ್ಡ ನಿಂತು, “ಅತಿಥಿಗಳಿಗೆ ತಡವಾಗ್ತಿದೆ, ಚಲೋ ಚಲೋ” ಎಂದು ದೂರ ಕಳಿಸಿದರು. ಒಂದು ಪೆಟ್ಟಿಗೆ ಮಾವಿನಹಣ್ಣು ತರಿಸಿ ಆ ವೃದ್ಧೆಯ ತೊಡೆಯ ಮೇಲಿಟ್ಟರು, ಫೋಟೋ ತೆಗೆಸಿಕೊಂಡರು. ಹುಡುಗ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಬರುವಾಗ ಕಾರು ಗೇಟು ದಾಟಿತ್ತು.

ಅವಳು ಸೆನ್ಸೇ ಹತ್ತಿರ ವೃದ್ಧೆಯ ವಿಳಾಸ ಕೇಳಿದಳು. ಕೊಡಲಿಲ್ಲ. ಹಾಜರಾತಿ ಸಾಲದೆಂದು ಪ್ರಮಾಣಪತ್ರವನ್ನೂ ಕೊಡಲಿಲ್ಲ. ಒಂದು ದಿನವೂ ತಪ್ಪಿಸದೆ ಮಾನೇಸರ್‌ನಿಂದ ಎರಡು ಬಸ್ಸು ಬದಲಿಸಿ ಬಂದವಳು... ಚೀಲ ಹೆಗಲಿಗೇರಿಸಿ ಹೊರಟವಳನ್ನು ನಾನು ಮತ್ತೆ ನೋಡಲಿಲ್ಲ. ಶಿಫಾರಸು ನನಗೆ ಬಂತು.

ಜಪಾನಿಗೆ ಹೋಗುವಾಗ ಸೆನ್ಸೇ ಆ ವೃದ್ಧೆಯ ಫೋನ್ ನಂಬರು ಕೊಟ್ಟು, “ನನ್ನ ನಮಸ್ಕಾರ ತಿಳಿಸು” ಎಂದರು. ನಂಬರು ನನ್ನ ಮೇಜಿನ ಮೇಲೆ ಹತ್ತು ತಿಂಗಳು ಬಿದ್ದಿತ್ತು. ನಾಳೆ ಮಾಡೋಣ, ಭಾಷೆ ಇನ್ನಷ್ಟು ಕುದುರಲಿ... ಹೇಡಿಗೆ ನೆವಗಳಿಗೇನು ಬರ. ಕೊನೆಗೊಮ್ಮೆ ಮಾಡಿದಾಗ ವೃದ್ಧೆಯ ತಂಗಿಯ ಮಗಳು ಎತ್ತಿಕೊಂಡಳು. ದೊಡ್ಡಮ್ಮ ಚಳಿಗಾಲದಲ್ಲಿ ತೀರಿಕೊಂಡರು ಎಂದಳು. ನಾನು ದೆಹಲಿಯವನೆಂದು ತಿಳಿದು ಒಂದು ಸಂದೇಹ ಕೇಳಿದಳು: “ದೊಡ್ಡಮ್ಮ ಯಾವಾಗಲೂ ಹೇಳೋರು, ಅಣ್ಣ ಸತ್ತದ್ದನ್ನು ಹೇಳಿದಾಗ ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು ಅಂತ. ಸತ್ತವರನ್ನು ಗೌರವಿಸೋದು ನಿಮ್ಮಲ್ಲಿ ಹಾಗೇನಾ?”

ಹೌದೆಂದೆ. ಎರಡನೇ ಸಲ ಸುಳ್ಳು ಹೇಳಿದೆ. ಆಮೇಲೆ ಹಣ್ಣಿನ ಹೆಸರು ಹೇಳಿದೆ. ಅವಳು ಎರಡು ಸಲ ಕೇಳಿ ಬರೆದುಕೊಂಡಳು.

ಕಳೆದ ಚಳಿಗಾಲ ಸೆನ್ಸೇ ಘಾಜಿಯಾಬಾದಿನ ಮಗನ ಮನೆಯಲ್ಲಿ ತೀರಿಕೊಂಡರು. ಇಲ್ಲಿಯ ಕನ್ನಡಿಗರು ಸೇರಿ ಒಂದು ಸಂತಾಪ ಸಭೆ ಮಾಡಿದರು. ಎರಡು ದೇಶಗಳ ನಡುವಿನ ಸೇತುವೆ ಎಂದರು ಒಬ್ಬರು. ನನ್ನನ್ನೂ ಕರೆದರು. ಎಲ್ಲವನ್ನೂ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಶಾಲು ಹೊದ್ದು ಕೂತಿದ್ದರು. “ಇವರ ಸುದ್ದಿ ತುಂಬಾ ಹೇಳೋರು, ನಮ್ಮ ಹುಡುಗ ಅಂತ” ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿತು.

“ನನ್ನ ಶಿಫಾರಸು ಪತ್ರಕ್ಕೆ ಸಹಿ ಹಾಕಿದವರು ಅವರೇ” ಎಂದೆ. ಅದೊಂದು ನಿಜ. ಅಷ್ಟಕ್ಕೇ ಬಂದು ಕೂತೆ.

ಆ ಮನುಷ್ಯನ ಬಗ್ಗೆ ನನಗೆ ಈಗಲೂ ತಿರಸ್ಕಾರವೇ. ಸತ್ತರೆಂದು ಅದು ಇಳಿದಿಲ್ಲ. ಆದರೆ ಅವರಿಗೆ ನಿಜವಾಗಿ ಭಾಷೆ ಬರುತ್ತಿರಲಿಲ್ಲ. ನನಗೆ ಆ ದಿನದ ಪ್ರಶ್ನೆ ಅರ್ಥವಾಗಿತ್ತು. ಹೋದ ತಿಂಗಳು ಮಾನೇಸರ್‌ಗೆ ಹೋಗಿ ಆ ಕಾರ್ಖಾನೆಯ ಗೇಟಿನಲ್ಲಿ ದುಭಾಷಿಯ ಹೆಸರು ಹೇಳಿ ವಿಚಾರಿಸಿದೆ. ಕಾವಲಿನವನು ರಿಜಿಸ್ಟರು ತಿರುವಿ, ಆ ಹೆಸರಿನವರು ಯಾರೂ ಇಲ್ಲ ಸಾಹೇಬ್, ಯಾವ ಕಾಲದ ಮಾತು ಎಂದ.