ಒಂದು ಗೇಣು ಮಡಗಾರ್ಡ್

ನಮ್ಮ ಮಾಮಾನ, ಅಂದರೆ ಅಕ್ಕನ ಗಂಡನ, ಮೋಟಾರ್‌ಸೈಕಲ್ಲಿನ ಹಿಂದಿನ ಮಡಗಾರ್ಡನ್ನು ಅವರನ್ನು ಒಂದು ಮಾತೂ ಕೇಳದೆ ನಾನು ಕತ್ತರಿಸಿಬಿಟ್ಟೆ. ಇದನ್ನು ಈಗ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಹೇಳುವ ಧೈರ್ಯ ನನಗಿರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ. ಅಧಿಕ ಮಾಸ ಬಂದು ಪಂಚಮಿ ತಡವಾಗಿತ್ತು. ಬಾವುಟ ಏರಿಸಿ ವಾರ ತುಂಬುವುದರೊಳಗೆ ಹಬ್ಬ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವಳನ್ನು ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಅವಳು ತವರಿನಲ್ಲಿ ಉಂಡಿ ತಿಂದು ಜೋಕಾಲಿ ಆಡಬೇಕು. ಅಕ್ಕನನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿತ್ತು. ಹಿಂದಿನ ವರ್ಷ ಮಾಮಾ ಅವಳನ್ನು ಕಳಿಸಿರಲಿಲ್ಲ. ಕರೆಯಲು ಬರುತ್ತೇವೆಂಬ ಸುದ್ದಿಯನ್ನು ನಾವು ಪತ್ರ ಬರೆದು ತಿಳಿಸದೆ ಸಂತೆಗೆ ಹೋಗುವವರ ಬಾಯಲ್ಲಿ ಹೇಳಿ ಕಳಿಸಿದ್ದೆವಂತೆ. ಅಷ್ಟೇ ಕಾರಣ. ಆ ಹಬ್ಬಕ್ಕೆ ಅವ್ವ ಜೋಕಾಲಿಯನ್ನೇ ಕಟ್ಟಿಸಲಿಲ್ಲ, ಹಗ್ಗ ಅಟ್ಟದ ಮೇಲೇ ಉಳಿಯಿತು. ಅಪ್ಪ ತೀರಿಕೊಂಡ ಮನೆ ನಮ್ಮದು, ಬೀಗರ ಮುಂದೆ ನಿಂತು ಮಾತಾಡುವವರು ಯಾರೂ ಇರಲಿಲ್ಲ.

“ಈ ಸಲ ಏನೂ ಹೆಚ್ಚು ಕಡಿಮಿ ಆಗಬಾರದು ನೋಡಪಾ,” ಎಂದು ಅವ್ವ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು.

ಆದದ್ದು ಹೀಗೆ. ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಮೋಟಾರ್‌ಸೈಕಲ್ಲೊಂದನ್ನು ಮಾಮಾ ಕೊಂಡಿದ್ದರು. ನಾನು ಗದಗಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದೆ. ಎಂಜಿನ್ ದುರಸ್ತಿ ಮಾಡು, ಪಂಚಮಿಗೆ ಅಕ್ಕನನ್ನು ಕರೆಯಲು ಬರುವಾಗ ಅದರ ಮೇಲೇ ಬಾ ಎಂದು ಗಾಡಿಯನ್ನು ನನ್ನ ಹತ್ತಿರ ಕಳಿಸಿದರು. ಎಂಜಿನ್ನೇನೋ ಸರಿಹೋಯಿತು. ಪರೀಕ್ಷೆಗೆಂದು ಡಂಬಳದ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ನಮ್ಮ ಎರೆಮಣ್ಣು ಗೊತ್ತಲ್ಲ, ಒಣಗಿದರೆ ಕಲ್ಲು, ತೊಯ್ದರೆ ಅಂಟು. ಚಕ್ರಕ್ಕೂ ಮಡಗಾರ್ಡಿಗೂ ನಡುವೆ ಮಣ್ಣು ಗಿಡಿದುಕೊಂಡು ಹಿಂದಿನ ಗಾಲಿ ತಿರುಗುವುದನ್ನೇ ಬಿಟ್ಟಿತು. ಕಡ್ಡಿಯಿಂದ ಕೆದರಿದೆ, ಹತ್ತು ಮಾರು ಹೋದೆ, ಮತ್ತೆ ಕೆದರಿದೆ. ಕೊನೆಗೆ ಹೊಲದಲ್ಲಿದ್ದ ಇಬ್ಬರು ಬಂದು ಗಾಡಿಯನ್ನು ಎತ್ತಿ ಗಟ್ಟಿ ನೆಲದ ಮೇಲಿಟ್ಟರು. ಹಬ್ಬದ ಹಿಂದಿನ ದಿನ ಲಕ್ಷ್ಮೇಶ್ವರದ ದಾರಿಯಲ್ಲಿ ಹೀಗಾದರೆ ಏನು ಗತಿ ಎಂದು ಹೆದರಿದೆ. ಮಡಗಾರ್ಡಿನ ಬಾಲ ಅಷ್ಟುದ್ದ ಇರುವುದಕ್ಕೇ ಮಣ್ಣು ಉದುರುವುದಿಲ್ಲ, ತುಸು ಗಿಡ್ಡ ಮಾಡಿದರಾಯಿತು ಎಂದು ನನ್ನ ಜಾಣತನ ಹೇಳಿತು. ಈ ಜಾಣತನ ನನಗೆ ಹುಟ್ಟಿನಿಂದ ಅಂಟಿದ ರೋಗ.

ಬೆಟಗೇರಿಯ ಕಮ್ಮಾರನೊಬ್ಬನ ಹತ್ತಿರ ಹೋದೆ. ವಯಸ್ಸಾದ ಆಳು, ಮೊರದಂಥ ಅಂಗೈ.

“ಎಷ್ಟ ತಗೀಲ್ರಿ?” ಅಂದ.

“ಒಂದು ಗೇಣ ತಗಿ ಕಾಕಾ.”

“ಗಾಡಿ ನಿಮ್ದ ಏನ್ರಿ?”

“ಹೂಂ, ನಮ್ದ,” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅವನು ತನ್ನ ಅಂಗೈ ಚಾಚಿ, ಸೀಮೆಸುಣ್ಣದಿಂದ ಗುರುತು ಹಾಕಿ, ಗರಗಸ ಎತ್ತಿಕೊಂಡ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತುಂಡು ಟಣ್ಣೆಂದು ಕೆಳಗೆ ಬಿದ್ದಾಗ ನನ್ನ ಗೇಣು ಇಟ್ಟು ಅಳೆದೆ. ನನ್ನ ಗೇಣಿನ ಮೇಲೆ ಇನ್ನೂ ನಾಲ್ಕು ಬೆರಳು ಉಳಿದವು. ಗೇಣು ಯಾರದೆಂದು ನಾನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಗಾಡಿ ಬಾಲ ಕೊಯ್ದ ಎತ್ತಿನಂತೆ ನಿಂತಿತ್ತು. ಅವನು ಅಂಚನ್ನು ಉಜ್ಜಿ ಮಡಿಸಿ, ಕರಿ ಬಣ್ಣ ಬಳಿದು, ನಂಬರಿನ ತಗಡನ್ನು ಮೇಲಕ್ಕೆ ಕೂರಿಸಿಕೊಟ್ಟ. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಆ ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬರುವಾಗ ನನಗೆ ಕಂಡದ್ದು ಒಂದೇ: ಕಟ್ಟದೆ ಉಳಿದ ಜೋಕಾಲಿ. ಪತ್ರ ಬರೆಯಲಿಲ್ಲವೆಂದು ಹೆಂಡತಿಯನ್ನು ಕಳಿಸದ ಮನುಷ್ಯ ಇದನ್ನು ನೋಡಿದರೆ ಬಿಡುತ್ತಾನೆಯೇ?

ಹೊರಟ ದಿನ ಬಿಸಿಲು ಬಿದ್ದಿತ್ತು. ಗದಗಿನ ಓಣಿಗಳಲ್ಲಿ ಕಾಗದದ ಬಾವುಟಗಳು ತೊಯ್ದು ಬಣ್ಣ ಬಿಟ್ಟುಕೊಂಡು ಇನ್ನೂ ತೂಗಾಡುತ್ತಿದ್ದವು. ದಾರಿ ಒಣಗಿತ್ತು, ಲಕ್ಷ್ಮೇಶ್ವರದವರೆಗೆ ಮೈಮೇಲೆ ಒಂದು ಹನಿ ಕೆಸರು ಬೀಳಲಿಲ್ಲ. ಬಾಗಿಲಲ್ಲಿ ಗಾಡಿಯ ಹಿಂಭಾಗವನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಮಾಮಾ ಹೊರಗೆ ಬಂದು ದೀಪ ಸವರಿದರು, ಟಾಂಕಿ ತಟ್ಟಿದರು, ಒದ್ದು ಚಾಲೂ ಮಾಡಿ ಸದ್ದು ಕೇಳಿ ಮುಖ ಅರಳಿಸಿದರು. “ಅಡ್ಡಿಯಿಲ್ಲಲೇ, ಕೈಯಾಗ ಕಸುಬೈತಿ,” ಅಂದರು. ಅವರು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಾಗಲೆಲ್ಲ ನಾನು ಅಡ್ಡ ನಿಂತು ಕಾರ್ಬೊರೇಟರಿನ ವಿಷಯ ತೆಗೆದೆ. ಊಟದಲ್ಲಿ ಅವರ ತಾಯಿ “ಏನೋ ಕಡಿಮಿ ಆಗೇತಲ್ಲ?” ಅಂದಾಗ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡೆ. ಆಕೆ ಹೇಳಿದ್ದು ಸಾರಿನ ಉಪ್ಪಿನ ಮಾತು.

ಬೆಳಗಾಗುವುದರೊಳಗೆ ಮಳೆ ಸುರಿದು ನಿಂತಿತ್ತು. ಮಾಮಾ ಹೊಸ ಖಾದಿ ಕೋಟು, ಬಿಳಿ ಧೋತರ, ಬಿಳಿ ಟೊಪ್ಪಿಗೆ ಹಾಕಿಕೊಂಡು ಹೊರಬಂದರು. ನಾನೂ ಅಕ್ಕನೂ ಎತ್ತಿನ ಬಂಡಿಯಲ್ಲಿ ಬಸ್ಸಿನ ತನಕ ಹೋಗಬೇಕು, ತಾವು ಮುಂದೆ ಮೋಟಾರ್‌ಸೈಕಲ್ಲಿನ ಮೇಲೆ ಬಂದು ಕಳಿಸಿಕೊಡುವುದು ಎಂದರು. ಊರಿಗೆಲ್ಲ ಗಾಡಿ ತೋರಿಸಬೇಕಾಗಿತ್ತು.

ಅವರು ಹತ್ತು ಮಾರು ಹೋಗಿದ್ದರೋ ಇಲ್ಲವೋ, ಹಿಂದಿನ ಗಾಲಿಯಿಂದ ಕೆಸರು ಚಿಲ್ಲೆಂದು ಎದ್ದು ಅವರ ಸೊಂಟಕ್ಕೆ ಬಡಿಯಿತು. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಬೆನ್ನಿಗೇರಿತು, ಆಮೇಲೆ ಟೊಪ್ಪಿಗೆಗೆ. ಗಾಲಿ ಸಿಕ್ಕಿಕೊಳ್ಳಲಿಲ್ಲ, ನನ್ನ ಜಾಣತನ ಅಷ್ಟರಮಟ್ಟಿಗೆ ಖರೆ. ಮಡಗಾರ್ಡಿನ ಬಾಲ ಯಾತಕ್ಕೆ ಇರುತ್ತದೆಂಬುದು ನನಗೆ ತಿಳಿದದ್ದು ಆಗ. ಎಂಜಿನ್ನಿನ ಸದ್ದಿನಲ್ಲಿ, ದಪ್ಪ ಕೋಟಿನೊಳಗೆ ಮಾಮಾನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ.

“ಯಾಕ ಹಂಗ ಸಿಡೀತೈತಿ?” ಎಂದಳು ಅಕ್ಕ.

ಇದ್ದದ್ದನ್ನು ಹೇಳಿದೆ. “ಕೂಗಿ ನಿಲ್ಲಸ್ಲೇನ?” ಎಂದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. “ಬಾಯಿ ಮುಚ್ಚಕೊಂಡ ಕುಂಡ್ರು. ಬಸ್ ಹತ್ತೂಮಟ.”

ಬಸ್ಸಿನ ಹತ್ತಿರ ಜನ ಮಾಮಾನ ಬೆನ್ನು ನೋಡಿ ನಗುತ್ತಿದ್ದರು. ಗಾಡಿ ಮೆಚ್ಚಿಕೊಂಡು ನಗುತ್ತಿದ್ದಾರೆಂದು ಅವರೂ ಎಲ್ಲರಿಗೂ ನಕ್ಕು ಕೈಮುಗಿದರು. ಬಸ್ಸು ಹೊರಟಿತು. ಶಿರಹಟ್ಟಿ ದಾಟಿದ ಮೇಲೆ ಅಕ್ಕ ಹೇಳಿದಳು, “ಅವ್ವಗ ಹೇಳಬ್ಯಾಡ. ಹಬ್ಬ ಹಬ್ಬದ್ಹಂಗ ಆಗ್ಲಿ.”

ಹಬ್ಬವೇನೋ ಆಯಿತು. ಅವ್ವ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದಳು. ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿದರೂ ಲಕ್ಷ್ಮೇಶ್ವರದ ಆಳು ಬಂದನೆಂದು ಎದ್ದು ನಿಲ್ಲುತ್ತಿದ್ದೆ. ಅಕ್ಕ ಮಾತ್ರ ಜೋಕಾಲಿಯ ಮೇಲೆ ನಿಂತು, “ಇನ್ನ ಜೋರ ತೂಗಲೇ,” ಎಂದು ಕೂಗುತ್ತಿದ್ದಳು. ಎರಡು ವರ್ಷದ್ದನ್ನು ಒಂದೇ ಸಲಕ್ಕೆ ಆಡಿ ಮುಗಿಸುವವಳ ಹಾಗೆ ಆಡಿದಳು. ಹಿಂದಿರುಗಿ ಹೋದ ಮೇಲೆ ಏನು ಕಾದಿದೆಯೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಾನೇ ಅವಳನ್ನು ಬಿಟ್ಟುಬರಲು ಹೋದೆ, ತುಂಡನ್ನು ಹಳೇ ಧೋತರದಲ್ಲಿ ಸುತ್ತಿಕೊಂಡು. ಪಡಸಾಲೆಯ ಗೂಟಕ್ಕೆ ಕೋಟು ತೂಗುಬಿದ್ದಿತ್ತು. ಒಗೆದರೂ ಬೆನ್ನಿನ ಉದ್ದಕ್ಕೆ ಕಂದು ಕಲೆ. ಮಾಮಾ ಚಾಪೆಯ ಮೇಲೆ ಕೂತಿದ್ದರು, ಅವರ ತಾಯಿ ಹೊಸ್ತಿಲಲ್ಲಿ. ನಾನು ತುಂಡನ್ನು ಮುಂದಿಟ್ಟು, “ತಪ್ಪಾತ್ರಿ ಮಾಮಾ, ಮಣ್ಣ ಹಿಡಿಬಾರ್ದಂತ ಕತ್ತರಿಸಿದೆ,” ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ.

“ಬಂಡಿಯಾಗ ನನ್ನ ಹಿಂದನ ಇದ್ದಿ. ನನ್ನ ಬೆನ್ನ ನೋಡಿದ್ದೋ ಇಲ್ಲೋ?” ಎಂದು ಅಕ್ಕನನ್ನು ಕೇಳಿದರು.

ಮಳೆ ಬರುತ್ತಿತ್ತು, ಕಾಣಲಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಸುಳ್ಳು ತಯಾರಾಗಿಯೇ ಇತ್ತು. ಅಷ್ಟರಲ್ಲಿ ಅಕ್ಕ ಹೇಳಿದಳು.

“ನೋಡಿದ್ನಿರಿ.”

“ನೋಡಿ ಸುಮ್ನ ಕುಂತಿ? ಇಡೀ ಊರ ನಕ್ಕೋತ ನಿಂತಿತ್ತು.”

“ಹೇಳಿದ್ರ ನೀವು ನನ್ನ ಕಳಸ್ತಿದ್ದಿಲ್ರಿ.”

ದನಿ ಏರಿಸಲಿಲ್ಲ, ಅಳಲೂ ಇಲ್ಲ, ಊಟಕ್ಕೆ ಏಳ್ರಿ ಎನ್ನುವ ಹಾಗೆ ಹೇಳಿದಳು. ಮಾಮಾನ ತಾಯಿ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಮಾಮಾ ಕೋಟಿನ ಕಡೆ ನೋಡಿದರು. ಆಮೇಲೆ ತುಂಡನ್ನು ಎತ್ತಿ ತಿರುಗಿಸಿ ನೋಡಿ, ಕಪಾಟಿನ ಮೇಲಿಟ್ಟು, “ಮಳಿಗಾಲ ಮುಗೀಲಿ. ಆಮ್ಯಾಲ ನೋಡೂಣು,” ಎಂದರು. ಯಂತ್ರದ ಕಸುಬಿದ್ದ ಗಂಡಸು ನಾನು. ನಿಜ ಹೇಳುವ ಗುಂಡಿಗೆ ಇದ್ದದ್ದು ಅವಳಿಗೆ. ನನಗೆ ಬಹಳ ನಾಚಿಕೆಯಾಯಿತು.

ಮರುವರ್ಷ ಶ್ರಾವಣಕ್ಕೆ ಇನ್ನೂ ಹದಿನೈದು ದಿನವಿರುವಾಗಲೇ ಲಕ್ಷ್ಮೇಶ್ವರದಿಂದ ಒಂದು ಕಾರ್ಡು ಬಂತು. ಅವ್ವ ಅದನ್ನು ಒದ್ದೆ ಕೈಯಲ್ಲೇ ಹಿಡಿದುಕೊಂಡು ನನ್ನ ದಾರಿ ಕಾಯುತ್ತಿದ್ದಳು. ನಾನು ಓದಿದೆ. ಮಾಮಾನ ಅಕ್ಷರ, ಎರಡೇ ಸಾಲು.

“ಪಂಚಮಿಗೆ ನಿಮ್ಮ ಅಕ್ಕನ್ನ ಕರಿಯಾಕ ಬಾ. ಬಸ್ಸಿಗೆ ಬಾ.”