ಹೈದರಾಬಾದಿನಲ್ಲಿ ಒಂದು ನಿಮಿಷ

ಸಂಘಮಿತ್ರ ಒಂದು ಕಡೆ ಕೂತವಳಲ್ಲ. ಚಿಂತಾಮಣಿಯ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವಾಗಲೂ ಬಾಗಿಲಿಗೂ ಕಿಟಕಿಗೂ ಓಡಾಡುತ್ತಲೇ ಇರುತ್ತಿದ್ದಳು. ಶನಿವಾರ ತರಗತಿ ಮುಗಿದದ್ದೇ ತಡ, ಬಸ್ಸು ಹತ್ತಿ ದಿಬ್ಬೂರಹಳ್ಳಿಗೆ ಹೊರಡುವಳು. ಅಲ್ಲಿನ ಮಹಿಳಾ ಸಂಘಕ್ಕೆ ಯಾರೋ ಕೊಟ್ಟಿದ್ದ ಒಂದು ಕಂಪ್ಯೂಟರಿತ್ತು. ಅದನ್ನು ಬಳಸಲು ಹೇಳಿಕೊಡುವುದು ಅವಳಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ.

2008ರ ಮಳೆಗಾಲದ ಒಂದು ಶನಿವಾರ ಸಂಘದ ಸದಸ್ಯೆ ಚಿಕ್ಕಮುನಿಯಮ್ಮ ರೇಷ್ಮೆ ಹುಳುವಿನ ರೋಗದ ಬಗ್ಗೆ ಕನ್ನಡದ ಒಂದು ಪುಟ ತೆರೆದಳು. ಸಾಕ್ಷರತಾ ಆಂದೋಲನದಲ್ಲಿ ಅಕ್ಷರ ಕಲಿತ, ಐವತ್ತು ದಾಟಿದ ಹೆಂಗಸು. ಮನೆಯಲ್ಲಿ ಹುಳು ಸಾಯುತ್ತಿದ್ದವು. ಪರದೆಯ ತುಂಬ ಅಕ್ಷರಗಳ ಬದಲು ಬರೀ ಚೌಕಗಳು. ಇದನ್ನು ಸರಿಮಾಡಬೇಕಾದವರು ಯಾರೆಂದು ಕೇಳಿದಳು. ಇಂಟರ್‌ನೆಟ್ಟಿಗೆ ಒಬ್ಬ ಯಜಮಾನನಿಲ್ಲ. ಸರ್ಕಾರಗಳು, ಕಂಪನಿಗಳು, ವಿದ್ವಾಂಸರು, ಸಂಘಸಂಸ್ಥೆಗಳವರು ವರ್ಷಕ್ಕೊಮ್ಮೆ ದೇಶದೇಶಗಳಿಂದ ಬಂದು ಸೇರಿ ಅದರ ರೀತಿನೀತಿ ಚರ್ಚಿಸುತ್ತಾರೆ ಎಂದು ಸಂಘಮಿತ್ರ ವಿವರಿಸಿದಳು.

"ಆ ಕೂಟದಾಗೆ ನಮ್ಮೋರು ಯಾರವ್ರೆ ಮೇಡಂ?"

ಹುಡುಕಿ ಹೇಳುತ್ತೇನೆ ಎಂದಳು ಸಂಘಮಿತ್ರ. ಆ ವಾರವಿಡೀ ಅವಳ ಮನಸ್ಸು ಪಾಠದಲ್ಲಿ ನಿಲ್ಲಲಿಲ್ಲ. ಸೈಬರ್ ಸೆಂಟರಿನಲ್ಲಿ ಹುಡುಕಿದಾಗ ಆ ವರ್ಷದ ಸಮ್ಮೇಳನ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲೇ ಎಂದು ತಿಳಿಯಿತು. ಅದರಲ್ಲಿ ಭಾಗವಹಿಸುವ ನಾಗರಿಕ ಸಂಘಟನೆಗಳವರ ಇಮೇಲ್ ಗುಂಪಿಗೆ ಸೇರಿಕೊಂಡಳು. ದಿನಕ್ಕೆ ನಲವತ್ತು ಪತ್ರ ಬರುತ್ತಿದ್ದವು. ಅರ್ಧದಷ್ಟು ಅರ್ಥವಾಗುತ್ತಿರಲಿಲ್ಲ, ಉಳಿದರ್ಧ ಓದುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಆದರೂ ಸಮ್ಮೇಳನಕ್ಕೆ ಹೋಗಲು ಅರ್ಜಿ ಹಾಕಿದಳು. ನವೆಂಬರಿನಲ್ಲಿ ಒಪ್ಪಿಗೆ ಬಂತು.

ಹೊರಡಲು ಒಂದು ವಾರವಿರುವಾಗ ಮುಂಬಯಿಯ ಮೇಲೆ ದಾಳಿಯಾಯಿತು. ತಾಯಿ ಅಮ್ಮಾಜಮ್ಮ ಟೀವಿಯ ಮುಂದಿನಿಂದ ಏಳದೆ, ಹೋಗಕೂಡದೆಂದು ಹಟ ಹಿಡಿದರು. ನಿವೃತ್ತ ಮೇಷ್ಟ್ರಾದ ತಂದೆ ವೆಂಕಟರವಣಪ್ಪ ಎರಡು ದಿನ ಪತ್ರಿಕೆಯಲ್ಲಿ ದಾಳಿಯ ಸುದ್ದಿಯನ್ನೆಲ್ಲ ಓದಿದರು. ಮೂರನೆಯ ದಿನ, ಮಗಳು ಅಂಗಳದಲ್ಲಿ ಶತಪಥ ಹಾಕುವುದನ್ನು ನೋಡಲಾರದೆ ಕರೆದರು.

"ಹೋಗ್ಬಾ ಕಣಮ್ಮ. ಇಲ್ಲಿದ್ರೂ ನೀನು ನೆಮ್ಮದಿಯಾಗಿರಲ್ಲ, ನಮ್ಮನ್ನೂ ಇರಕ್ಕೆ ಬಿಡಲ್ಲ."

ಚಿಕ್ಕಬಳ್ಳಾಪುರದಲ್ಲಿ ಹೈದರಾಬಾದಿನ ಬಸ್ಸು ಹತ್ತಿದಳು. ಸಮ್ಮೇಳನದ ಬಾಗಿಲಲ್ಲಿ ಮೂರು ಕಡೆ ತಪಾಸಣೆ. ಒಳಗೆ, ಭಯದಿಂದ ಬಾರದೇ ಹೋದವರ ಕುರ್ಚಿಗಳು ಸಾಲುಸಾಲಾಗಿ ಖಾಲಿ. ಭಾಷೆಗಳ ಗೋಷ್ಠಿಯಲ್ಲಿ ವೇದಿಕೆಯ ಮೇಲಿದ್ದ ಪ್ರಾಧ್ಯಾಪಕರು ಕೊಟ್ಟ ಹೊತ್ತನ್ನು ಮೀರಿ ಮಾತಾಡಿದರು. ಕೊನೆಗೆ ಸಭಿಕರಿಗೆ ತಲಾ ಒಂದು ನಿಮಿಷ ಸಿಕ್ಕಿತು. ಸಂಘಮಿತ್ರ ಬರೆದು ತಂದಿದ್ದು ನಾಲ್ಕು ಹಾಳೆ. ಅವನ್ನು ಮಡಚಿ ಚೀಲಕ್ಕೆ ತುರುಕಿ ಮೈಕಿನ ಮುಂದೆ ನಿಂತಳು.

ಆಡಿದ ಮಾತೆಲ್ಲ ಆ ಕ್ಷಣವೇ ಇಂಗ್ಲಿಷಿನಲ್ಲಿ ದೊಡ್ಡ ಪರದೆಯ ಮೇಲೆ ಮೂಡುತ್ತಿತ್ತು. ದಿಬ್ಬೂರಹಳ್ಳಿಯ ಚಿಕ್ಕಮುನಿಯಮ್ಮ ಎಂಬಾಕೆ ಕೇಳುತ್ತಿದ್ದಾಳೆ ಎಂದು ಶುರುಮಾಡಿದಳು. ಪರದೆಯಲ್ಲಿ ಊರೂ ಇಲ್ಲ, ಹೆಸರೂ ಇಲ್ಲ. ಕೇಳಿಸಲಿಲ್ಲ ಎಂಬ ಒಕ್ಕಣೆಯಿತ್ತು. ಸಂಘಮಿತ್ರಳಿಗೆ ಮೈ ಉರಿದುಹೋಯಿತು. ಹೆಸರು ಸರಿಯಾಗಿ ಬರೆಯಿರಿ ಎಂದು ಒಂದೊಂದೇ ಅಕ್ಷರ ಹೇಳುತ್ತ ಹೋದಳು. ಮೂಡಿತು. ಅಷ್ಟರಲ್ಲಿ ನಿಮಿಷ ಮುಗಿದು ಮೈಕು ಮುಂದಿನವರ ಕೈಗೆ ಹೋಯಿತು.

ಕೆಲವರು ಬಂದು ಕೈಕುಲುಕಿದರು. ದೆಹಲಿಯ ಸಂಶೋಧಕಿಯೊಬ್ಬರು ಮಾತ್ರ, ಸಿಕ್ಕ ಅವಕಾಶ ಕಳೆದುಕೊಂಡಿರಿ ಎಂದರು. ಮರಳುವ ಬಸ್ಸಿನಲ್ಲಿ ಕರ್ನೂಲು, ಅನಂತಪುರ ದಾಟಿದರೂ ಸಂಘಮಿತ್ರಳ ತಲೆಯಲ್ಲಿ ಅದೇ ಕೊರೆತ. ಮಾಡಿದ್ದು ಸರಿಯೋ, ತನ್ನ ದುಡುಕೋ?

ಸಭೆಯ ನಡಾವಳಿಯ ಪ್ರತಿಯನ್ನು ಮುದ್ರಿಸಿಕೊಂಡು ದಿಬ್ಬೂರಹಳ್ಳಿಗೆ ಹೋಗಿ, ಹೆಸರು ಮೂಡಿದ ಜಾಗ ತೋರಿಸಿ ನಡೆದದ್ದನ್ನು ಹೇಳಿದಳು. ಚಿಕ್ಕಮುನಿಯಮ್ಮ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕಿಟ್ಟಳು.

"ನನ್ ಹೆಸ್ರು ಕಟ್ಕೊಂಡು ಅವರಿಗೇನಾಗ್ಬೇಕು ಮೇಡಂ? ಕೇಳಾದ್ನ ಕೇಳ್ಬೇಕಾಗಿತ್ತು."

ಒಂದು ವರ್ಷ ಆ ಮಾತು ಸಂಘಮಿತ್ರಳನ್ನು ಅಟ್ಟಿಸಿಕೊಂಡೇ ತಿರುಗಿತು. ಮರುವರ್ಷದ ಸಮ್ಮೇಳನ ಈಜಿಪ್ಟಿನಲ್ಲಿ. ಹೋಗುವ ಮಾತೇ ಇರಲಿಲ್ಲ, ಆದರೆ ದೂರದಿಂದಲೇ ಇಂಟರ್‌ನೆಟ್ಟಿನ ಮೂಲಕ ಭಾಗವಹಿಸಬಹುದಿತ್ತು. ಪ್ರಿನ್ಸಿಪಾಲರನ್ನು ಕಾಡಿ ಬೇಡಿ ಕಾಲೇಜಿನ ಕಂಪ್ಯೂಟರ್ ಕೋಣೆ ತೆರೆಸಿದಳು, ಕರೆಂಟು ನಂಬದೆ ಜನರೇಟರನ್ನೂ ತರಿಸಿದಳು. ಚಿಕ್ಕಮುನಿಯಮ್ಮ ಆರು ಹೆಂಗಸರನ್ನು ಕರೆದುಕೊಂಡು ಬಂದಳು. ಹುಳು ಹಣ್ಣಾಗಿ ಗೂಡು ಕಟ್ಟುವ ಕಾಲ, ಸಂಜೆಯೊಳಗೆ ವಾಪಸ್ಸು ಹೋಗಬೇಕೆಂದು ಮೊದಲೇ ತಾಕೀತು ಮಾಡಿದಳು. ಅವಳು ಹೇಳಿದ್ದನ್ನು ಸಂಘಮಿತ್ರ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು: ಕನ್ನಡ ಬಿಟ್ಟರೆ ಬೇರೆ ಓದಲು ಬಾರದವರು, ಕನ್ನಡ ಪರದೆಯಲ್ಲಿ ಮುರಿದಾಗ, ಯಾರಿಗೆ ದೂರು ಕೊಡಬೇಕು?

ಮುಕ್ಕಾಲು ಗಂಟೆ ಕಾದ ಮೇಲೆ ಅಲ್ಲಿನ ಗೋಷ್ಠಿಯ ಅಧ್ಯಕ್ಷೆ ಅದನ್ನು ಓದಿದರು. ಇದಕ್ಕೆಂದೇ ಕಚೇರಿಯಿಲ್ಲ, ಅದೇ ತೊಂದರೆ ಎಂದು ತಜ್ಞರೊಬ್ಬರು ಒಪ್ಪಿಕೊಂಡರು. ಯಾವ ಅಕ್ಷರ ಎಲ್ಲಿ ಕೆಡುತ್ತದೆಂದು ಪಟ್ಟಿ ಮಾಡಿ ಕಳಿಸಿದರೆ ಅಕ್ಷರ ವಿನ್ಯಾಸ ಮಾಡುವವರ ಗುಂಪಿನ ಮುಂದಿಡುವೆನೆಂದರು.

ಡಿಸೆಂಬರಿನ ಶನಿವಾರಗಳೆಲ್ಲ ಪಟ್ಟಿಗೇ ಹೋದವು. ಒತ್ತಕ್ಷರ ಕಳಚಿ ಬೀಳುವುದು, ಅರ್ಕಾವತ್ತು ತಪ್ಪಿದ ಜಾಗದಲ್ಲಿ ಕೂರುವುದು, ಹೀಗೆ ಹೆಂಗಸರು ಹದಿನಾಲ್ಕು ತಪ್ಪು ಹುಡುಕಿದರು. ಕಳಿಸಿದ ಹತ್ತು ದಿನಕ್ಕೆ ಉತ್ತರ ಬಂತು: ಮೂರು ತಪ್ಪು ಸರಿಪಡಿಸಿದ್ದೇವೆ, ಉಳಿದವಕ್ಕೆ ಇನ್ನಷ್ಟು ಉದಾಹರಣೆ ಬೇಕು. ಸಂಘಮಿತ್ರ ನಿಂತೇ ಅದನ್ನು ಓದಿ ಹೇಳಿದಳು. ಚಿಕ್ಕಮುನಿಯಮ್ಮ ಆಗಲೇ ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಿದ್ದಳು.