ನಿಲ್ದಾಣದ ಮುಂದಿನ ಖಾಲಿ ಜಾಗ ಮತ್ತು ನಕ್ಷೆಯಮ್ಮ

ನಗರ ಯೋಜನೆಯ ವೃತ್ತಿಯಲ್ಲಿ ಮೊದಲು ಗೆರೆ ಎಳೆದು, ಆಮೇಲೆ ಆ ಗೆರೆಯ ಮೇಲೆ ಯಾರ ಮನೆಯಿದೆ ಎಂದು ವಿಚಾರಿಸುವವರೇ ಬಹುಮಂದಿ. ಮೊದಲು ಮನೆಯವರನ್ನು ಮಾತನಾಡಿಸಿ, ಆಮೇಲೆ ಪೆನ್ಸಿಲ್ಲಿಗೆ ಮೊನೆ ಮಾಡುವವರು ಬೆರಳೆಣಿಕೆಯಷ್ಟು. ಈ ವರ್ಷ ನಿವೃತ್ತರಾದ ನಮ್ಮ ಮುಖ್ಯ ಯೋಜಕಿಯವರು ಆ ಬೆರಳೆಣಿಕೆಯವರಲ್ಲಿ ಹಿರಿಯರು, ಮಾನ್ಯರು, ಮತ್ತು ಮೇಲಧಿಕಾರಿಗಳ ಪಾಲಿಗೆ ನುಂಗಲಾರದ ತುತ್ತು. ಕಡತಗಳಲ್ಲಿ ಅವರಿಗೆ ಮೂರು ಸಾಲಿನ ಪದನಾಮವಿದ್ದರೂ, ರೈಲು ನಿಲ್ದಾಣದ ಪಕ್ಕದ ಬೀದಿಯವರು ಪ್ರೀತಿಯಿಂದ ಕೊಟ್ಟ ‘ನಕ್ಷೆಯಮ್ಮ’ ಎಂಬ ಹೆಸರೇ ಕೊನೆಗೆ ನಿಂತಿತು.

ನಕಲು ನಕ್ಷೆ ತೆಗೆಯುವ ಮೂಲೆಯ ಮೇಜಿನಿಂದ ಅವರ ಸೇವೆ ಆರಂಭವಾಯಿತು. ಪಕ್ಕದ ಮೇಜಿನ ಸಹೋದ್ಯೋಗಿಯ ಕೈ ಮುರಿದಿದ್ದ ತಿಂಗಳಿಡೀ ಆತನ ಪಾಲಿನ ಕೆಲಸವನ್ನೂ ತಾವೇ ಮಾಡಿ, ಆತನ ಕೈಬರಹವನ್ನೇ ಅನುಕರಿಸಿ, ಹೊಗಳಿಕೆ ಆತನಿಗೆ ಬಂದಾಗ ಗೊತ್ತೇ ಇಲ್ಲದವರಂತೆ ಕಿಟಕಿಯಾಚೆ ನೋಡುತ್ತ ಕೂತವರು ಅವರು. ಯಾರನ್ನೇ ಆಗಲಿ ಇದ್ದ ಜಾಗದಿಂದ ಎಬ್ಬಿಸಬೇಕಾದರೆ, ಅವರ ಎದುರಿಗೆ ಹೋಗಿ, ನಕ್ಷೆಯನ್ನು ನೆಲದ ಮೇಲೆ ಬಿಡಿಸಿ, “ನಿಮಗೆ ಎಲ್ಲಿ ಅನುಕೂಲ?” ಎಂದು ಕೇಳದೆ ಅವರು ಎಂದೂ ಸಹಿ ಹಾಕಿದವರಲ್ಲ. ಹಳೆಯ ಮಾರುಕಟ್ಟೆ ಕೆಡವುವಾಗ, “ಮಾಡಿನಲ್ಲಿರೋ ಪಾರಿವಾಳಗಳನ್ನೂ ಕೇಳಿ ಬನ್ನಿ ಮೇಡಂ,” ಎಂದು ಒಬ್ಬ ಅಧಿಕಾರಿ ಲೇವಡಿ ಮಾಡಿದ್ದರಂತೆ. “ಅವು ಉತ್ತರ ಕೊಡೋ ಹಾಗಿದ್ರೆ ನಿಮ್ಮನ್ನ ಕೇಳೋ ಬದಲು ಅವನ್ನೇ ಕೇಳ್ತಿದ್ದೆ ಸಾರ್,” ಎಂದರಂತೆ ಇವರು.

ನಿಲ್ದಾಣದ ಸುತ್ತಲಿನ ಪ್ರದೇಶದ ಪುನರುಜ್ಜೀವನದ ಹೊಣೆ ಅವರ ಹೆಗಲಿಗೆ ಬಂದಾಗ, ಆ ಪ್ರದೇಶ ನಗರಕ್ಕೆ ಬೇಡವಾದ ನೆಂಟನಂತಿತ್ತು. ಬಾಗಿಲು ಕಳೆದುಕೊಂಡ ಗೋದಾಮುಗಳು, ನಿಂತ ಗಡಿಯಾರ, ಹಳಿಯ ಆಚೆಯವರು ಈಚೆ ಬರಲು ಹಾಕಬೇಕಾದ ದೊಡ್ಡ ಸುತ್ತು. ಹಳಿಗಳ ಕೆಳಗೊಂದು ಸುರಂಗದಾರಿ ಆಗದೆ ಆ ಪ್ರದೇಶಕ್ಕೆ ಜೀವ ಬರುವಂತಿರಲಿಲ್ಲ. ಸುರಂಗದ ಮೆಟ್ಟಿಲು ಮೇಲಕ್ಕೆ ಬರಲು ಎರಡೇ ಕಡೆ ಅವಕಾಶವಿತ್ತು. ಒಂದು, ನಿಲ್ದಾಣದ ಮುಂದಿನ ಕಲ್ಲುಹಾಸಿನ ಬಯಲು. ಇನ್ನೊಂದು, ಕೆಳಗೆ ಅಂಗಡಿ ಮೇಲೆ ಸಂಸಾರ ಎಂಬಂತೆ ಬೀಗ ಮಾಡುವವರು, ಛತ್ರಿ ರಿಪೇರಿಯವರು, ದರ್ಜಿಗಳು ಬದುಕಿದ್ದ ಪಕ್ಕದ ಬೀದಿ. ನಕ್ಷೆಯಮ್ಮನವರು ಬಯಲನ್ನೇ ಆರಿಸಿ, ನಿಮ್ಮನ್ನು ಎಬ್ಬಿಸುವುದಿಲ್ಲವೆಂದು ಬೀದಿಯವರಿಗೆ ಮಾತು ಕೊಟ್ಟರು.

ನಕ್ಷೆ ಅಂತಿಮಗೊಳ್ಳುವ ಮೊದಲು ಜನರ ನಡಿಗೆಯ ಗೆರೆ ತೆಗೆಯುವುದು ಅವರ ಪದ್ಧತಿ. ನಾವು ಕೆಲವರು ಬೇರೆ ಬೇರೆ ದಿನ ನಿಲ್ದಾಣದ ಮಹಡಿಯ ಕಿಟಕಿಯಲ್ಲಿ ಕೂತು, ರೈಲಿಳಿದವರು ಬಯಲನ್ನು ದಾಟುವ ದಾರಿಯನ್ನು ಪಾರದರ್ಶಕ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಗುರುತಿಸುತ್ತಿದ್ದೆವು. ಆ ಹಾಳೆಗಳನ್ನೆಲ್ಲ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಗೆರೆಗಳು ಕಗ್ಗಂಟಾಗಿ ಇಡೀ ಬಯಲೇ ಕಪ್ಪಾಗಿತ್ತು. ನಡುವೆ ಒಂದು ಕಡೆ ಮಾತ್ರ, ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ಬೆಳ್ಳಗೆ ಉಳಿದಿತ್ತು. ಯಾವ ಹಾಳೆಯಲ್ಲೂ ಅಲ್ಲಿ ಒಂದು ಗೆರೆಯೂ ಹಾದಿರಲಿಲ್ಲ. ಸರಿಯಾಗಿ ಅಲ್ಲಿಯೇ ಮೊದಲ ಮೆಟ್ಟಿಲು ಬರಬೇಕಿತ್ತು.

ಅಲ್ಲಿ ಗುಂಡಿಯಿಲ್ಲ, ಕಂಬವಿಲ್ಲ, ಕಲ್ಲು ಎದ್ದಿಲ್ಲ. ಆದರೂ ಅವಸರದಲ್ಲಿ ಓಡುವವರೂ ಅಲ್ಲಿಗೆ ಬಂದಾಗ ಹೆಗಲು ಓರೆ ಮಾಡಿ ಪಕ್ಕಕ್ಕೆ ಸರಿಯುತ್ತಿದ್ದರು. ಊರಿಗೆ ಮೊದಲ ಸಲ ಬಂದವರೂ ಸರಿಯುತ್ತಿದ್ದರು. ಒಂದು ಬಿಸಿಲಿನ ಮಧ್ಯಾಹ್ನ ನಕ್ಷೆಯಮ್ಮನವರು ಅದರ ಪಕ್ಕದಲ್ಲೇ ನಿಂತಿದ್ದಾಗ, ಕಣ್ಣು ಕಾಣದ ಪ್ರಯಾಣಿಕರೊಬ್ಬರು ಬಿಳಿ ಕೋಲು ತಟ್ಟುತ್ತ ಬಂದು ನಿಂತರು.

“ಸ್ವಲ್ಪ ಜರುಗಿ ಯಜಮಾನ್ರೆ,” ಎಂದರು.

ಯಾರೂ ಜರುಗಲಿಲ್ಲ. ಜರುಗಲು ಅಲ್ಲಿ ಯಾರೂ ಇರಲಿಲ್ಲ.

“ಯಾರ ಹತ್ರ ಮಾತಾಡ್ತಿದ್ದೀರಿ?” ಎಂದು ಇವರು ಮೆಲ್ಲಗೆ ಕೇಳಿದರು.

“ಯಾರೋ ನಿಂತಿದ್ದಾರಲ್ಲಮ್ಮ. ಪಾಪ, ಯಾರಿಗೋ ಕಾಯ್ತಿರ್ಬೇಕು,” ಎಂದು ಆತ ತಾವೇ ಸುತ್ತಿಕೊಂಡು ಹೋದರು.

ದೆವ್ವ ಭೂತಗಳ ಮಾತೆತ್ತಿದರೆ ನಕ್ಕುಬಿಡುವ ಜಾಯಮಾನ ನಕ್ಷೆಯಮ್ಮನವರದು. ಸೆರಗು ಸಿಕ್ಕಿಸಿಕೊಂಡು, ಆ ಜಾಗವನ್ನು ತುಳಿದೇ ತೀರುವೆನೆಂದು ನಡೆದರು. ಆಚೆ ಬದಿ ತಲುಪಿ ತಿರುಗಿ ನೋಡಿದಾಗ ಧೂಳಿನಲ್ಲಿ ತಮ್ಮದೇ ಹೆಜ್ಜೆಗುರುತು ಬಿಲ್ಲಿನಂತೆ ಬಾಗಿತ್ತು. ತಾವು ಬಾಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಅಂದಿನಿಂದ ಅವರಿಗೆ ಸಹಿ ಹಾಕಲಾಗಲಿಲ್ಲ. ಅಲ್ಲಿ ಯಾರೋ ಇದ್ದಾರೆ, ಇರುವವರನ್ನು ಕೇಳದೆ ಎಬ್ಬಿಸುವುದು ಹೇಗೆ? ಇದನ್ನು ಯಾವ ಕಡತದಲ್ಲಿ ಬರೆಯುವುದು? ತಡವಾಗುತ್ತಿದ್ದಂತೆ ಆಯುಕ್ತರು ಕರೆಸಿ, “ವಾರದೊಳಗೆ ಬಯಲು ಅಗೆಯೋಕೆ ಸಹಿ ಹಾಕಿ ಮೇಡಂ, ಇಲ್ಲಾಂದ್ರೆ ಬೀದಿ ಕಡೆಯಿಂದಾನೇ ಅಗೀತಾರೆ,” ಎಂದು ಖಡಾಖಂಡಿತವಾಗಿ ಹೇಳಿದರು. ಸುದ್ದಿ ಬೀದಿಗೆ ಮುಟ್ಟಿ, ಅಲ್ಲಿನ ಹಿರಿಯರಾದ ಬೀಗದ ಯಜಮಾನರು ಕಚೇರಿಗೇ ಬಂದರು. ನಕ್ಷೆಯಮ್ಮನವರು ಇದ್ದದ್ದನ್ನು ಇದ್ದಂತೆ ಹೇಳಿದರು. ಯಜಮಾನರು ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು.

“ನಾವೂ ಅಲ್ಲಿ ಸುತ್ತಿಕೊಂಡೇ ಓಡಾಡೋದು, ನಮ್ಮಪ್ಪಾನೂ ಹಾಗೇ ಓಡಾಡ್ತಿದ್ದರು,” ಎಂದರು. “ಆದ್ರೆ ಕಾಣದವರಿಗೋಸ್ಕರ ಕಾಣೋರನ್ನ ಎತ್ತಂಗಡಿ ಮಾಡ್ತೀರೇನಮ್ಮ? ನನ್ನ ಸೊಸೆ ಈಗ ತುಂಬು ಬಸುರಿ. ಅವಳನ್ನ ಕರಕೊಂಡು ಎಲ್ಲಿಗೆ ಹೋಗ್ಲಿ?”

ಕೊಟ್ಟ ಮಾತು ಉಳಿಸಬೇಕು, ಕೇಳದೆ ಎಬ್ಬಿಸಲೂಬಾರದು. ಹಾಗಿದ್ದರೆ ನಕ್ಷೆಯಮ್ಮನವರಿಗೆ ಉಳಿದದ್ದು ಒಂದೇ ದಾರಿ: ಕೇಳುವುದು.

ರೈಲುಗಳಿಲ್ಲದ ಹೊತ್ತು ನೋಡಿ, ಉರಿ ಬಿಸಿಲಿನಲ್ಲಿ, ಅವರು ಆ ಜಾಗದ ಎದುರು ನೆಲದ ಮೇಲೆ ಕೂತು ನಕ್ಷೆ ಬಿಡಿಸಿದರು. ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟರು. ಸಿಕ್ಕಿದ್ದು ಮೂರೇ ಕಲ್ಲು. “ಇಲ್ಲಿ ಮೆಟ್ಟಿಲು ಬರುತ್ತೆ,” ಎಂದು, ಎಲ್ಲರಿಗೂ ಹೇಳುವ ಧಾಟಿಯಲ್ಲೇ ಹೇಳಿದರು. “ಇಲ್ಲಿ ಬರದಿದ್ರೆ ಆ ಸಂಸಾರಗಳು ಬೀದಿಪಾಲಾಗ್ತವೆ. ಗಡಿಯಾರದ ಕೆಳಗೆ ನೆರಳಿದೆ, ನಲ್ಲಿ ಹತ್ತಿರ ತಂಪಾಗಿರುತ್ತೆ. ಇವೆರಡೇ ಅಂತಲ್ಲ, ನೀವು ಹೇಳಿದ ಕಡೆ. ನಿಮಗೆ ಎಲ್ಲಿ ಅನುಕೂಲ?” ಉತ್ತರ ಬರಲಿಲ್ಲ. ಗಾಳಿಗೆ ಹಾಳೆ ಪಟಪಟ ಬಡಿದುಕೊಳ್ಳುತ್ತಿತ್ತು. ಆದರೆ ಕಲ್ಲಿಲ್ಲದ ನಾಲ್ಕನೆಯ ಮೂಲೆ, ಆ ಜಾಗದ ಕಡೆಗಿದ್ದ ಮೂಲೆ, ಯಾರೋ ಬಗ್ಗಿ ಒತ್ತಿ ಹಿಡಿದಂತೆ ನೆಲಕ್ಕೆ ಅಂಟಿಕೊಂಡೇ ಇತ್ತು. ಅವರು ಕೈಮುಗಿದು, ನಕ್ಷೆ ಸುತ್ತಿಕೊಂಡು ಎದ್ದು ಬಂದರು.

ಮರುದಿನ ಬೆಳಗಿನ ರೈಲಿನ ಜನ ಬಯಲನ್ನು ನೇರವಾಗಿ ದಾಟಿದರು. ಯಾರೂ ಸರಿಯಲಿಲ್ಲ, ಯಾರೂ ಬಾಗಲಿಲ್ಲ. ನಕ್ಷೆಯಮ್ಮನವರು ಗಡಿಯಾರದ ಕೆಳಗೆ ನೋಡಿದರು, ನಲ್ಲಿಯ ಬಳಿ ನೋಡಿದರು, ಬಯಲಿನ ಮೂಲೆ ಮೂಲೆ ಜಾಲಾಡಿದರು. ಎಲ್ಲೆಡೆಯೂ ಜನ ಹಾಯಾಗಿ ನೆಟ್ಟಗೆ ನಡೆಯುತ್ತಿದ್ದರು. ಅಗೆದಾಗ ಸಿಕ್ಕಿದ್ದು ಬರೀ ಮಣ್ಣು. ಸುರಂಗದಾರಿ ತೆರೆಯಿತು, ಗೋದಾಮುಗಳಲ್ಲಿ ದೀಪ ಬೆಳಗಿತು, ಬೀಗದ ಬೀದಿ ಇದ್ದಲ್ಲೇ ಉಳಿಯಿತು. ಯಜಮಾನರ ಸೊಸೆ ಹೆತ್ತ ಮೊಮ್ಮಗಳು ಈಗ ಆ ಮೆಟ್ಟಿಲಿಳಿದೇ ಕಾಲೇಜಿಗೆ ಹೋಗುತ್ತಾಳೆ.

ಯೋಜನೆಗೆ ಬಂದ ಹೊಗಳಿಕೆ ಅವರಿಗೆ ಎಂದೂ ರುಚಿಸಲಿಲ್ಲವೆಂಬುದನ್ನು ಹತ್ತಿರದಿಂದ ಬಲ್ಲೆವು. ಕೇಳಿದ್ದು ನಿಜ, ಆದರೆ ಉತ್ತರ ಬರುವ ಮೊದಲೇ ಅಗೆದೆನಲ್ಲ ಎಂಬ ಕೊರಗು ಅವರನ್ನು ಹಿಂಡುತ್ತಲೇ ಇತ್ತು. ಬೇರೆ ಊರಿನ ನಿಲ್ದಾಣಗಳಿಗೆ ಹೋದಾಗಲೂ ಮಾತು ನಿಲ್ಲಿಸಿ ಜನರ ಕಾಲುಗಳನ್ನೇ ನೋಡುತ್ತ ನಿಂತುಬಿಡುತ್ತಿದ್ದರು. “ಎಲ್ಲಿಗೆ ಹೋದ್ರೋ ಏನೋ. ನಾನೇ ಓಡಿಸಿದ ಹಾಗಾಯ್ತು,” ಎಂದು ಒಮ್ಮೆ ಕಣ್ಣೊರೆಸಿಕೊಂಡದ್ದೂ ಉಂಟು.

ನಿವೃತ್ತಿಯ ಬಳಿಕ ಸರ್ಕಾರಿ ವಸತಿಗೃಹ ತೆರವು ಮಾಡುವ ದಿನ ನಡೆದದ್ದನ್ನು, ಅವರೊಡನೆ ಆ ಮನೆಯಲ್ಲಿ ಅಷ್ಟೂ ವರ್ಷ ಕಳೆದ ಅವರ ತಂಗಿಯೇ ನಮಗೆ ಹೇಳಿದರು. ಸಾಮಾನು ಹೊರುವವರು ಬೀರುವನ್ನು ಹಿಡಿದು ನಡುಮನೆ ದಾಟುವಾಗ, ಖಾಲಿ ಕೋಣೆಯಲ್ಲಿ ಸುಮ್ಮಸುಮ್ಮನೆ ಸುತ್ತು ಹಾಕಿದರಂತೆ. “ನೆಟ್ಟಗೆ ಬನ್ರಪ್ಪ,” ಎಂದು ತಂಗಿ ಗದರಿದರು. ಆಮೇಲೆ ಕೆಳಗೆ ನೋಡಿದರು.

ಬಯಲು ಅಗೆದ ವರ್ಷ ಹೊಸದಾಗಿ ಹಾಕಿಸಿದ ಕೆಂಪು ಗಾರೆಯ ನೆಲ ಅಂದಿನಿಂದಿನ ಓಡಾಟಕ್ಕೆ ಸವೆದು ಎಲ್ಲೆಡೆ ಬಿಳಿಚಿಕೊಂಡಿತ್ತು. ಕಿಟಕಿಯ ಪಕ್ಕದಲ್ಲಿ ಮಾತ್ರ, ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ನಿನ್ನೆ ಹಾಕಿದ ಗಾರೆಯಂತೆ ಕೆಂಪಗೆ ಹೊಳೆಯುತ್ತಿತ್ತು.

“ಅಕ್ಕ, ಇಲ್ಲಿ ನಾವು ಏನಾದ್ರೂ ಇಟ್ಟಿದ್ವಾ?”

ಊರಿನವರೆಲ್ಲರ ನಡಿಗೆಯನ್ನು ಹಾಳೆಗಿಳಿಸಿದ ನಕ್ಷೆಯಮ್ಮನವರು ತಮ್ಮ ಮನೆಯೊಳಗಿನ ತಮ್ಮ ನಡಿಗೆಯನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಅವರು ಆ ಜಾಗದ ಎದುರು ಮೆಲ್ಲಗೆ ಕೂತು, “ನನಗೆ ಹೇಳಬಾರದಿತ್ತಾ?” ಎಂದರಂತೆ. ಅವರ ಸ್ವರದಲ್ಲಿದ್ದದ್ದು ಹೆದರಿಕೆಯೋ ಸಂತೋಷವೋ ತಂಗಿಗೆ ತಿಳಿಯಲಿಲ್ಲ. ಕೊನೆಗೆ ಅಕ್ಕತಂಗಿಯರು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಎರಡೂ ಬದಿಯ ಬಾಗಿಲಿಗೆ ಒತ್ತಿಕೊಂಡಿದ್ದರು.

ನಕ್ಷೆಯಮ್ಮನವರು ನೂರ್ಕಾಲ ಬಾಳಲಿ. ಅವರ ಪೆನ್ಸಿಲ್ಲಿನ ಮೊನೆ ಮೊಂಡಾಗದಿರಲಿ. ಕಿರಿಯರಾದ ನಮಗೆ ಅವರ ಬೈಗುಳ ಇನ್ನೂ ಬಹುಕಾಲ ದೊರೆಯಲಿ. ಹೊಸ ಮನೆಯಲ್ಲಿ ಮೂವರಿಗೂ ಆರೋಗ್ಯ, ನೆಮ್ಮದಿ, ನಿಲ್ಲಲು ಸಾಕಷ್ಟು ಜಾಗ ಸಿಗಲೆಂದು ಹಾರೈಸುತ್ತೇವೆ.